ನಿಮ್ಮ ಸ್ಟೈಲ್ ಯಾವುದು? ಟೈಲರ್‌ಗೆ ಅರ್ಥವಾಗುವ ಹಾಗೆ ಹೇಳಿ ನೋಡಿ

ಪ್ರಶ್ನೆ: ನನಗೆ 36 ವರ್ಷ. ಬೀರು ತುಂಬ ಬಟ್ಟೆ ಇದೆ. ಆದರೂ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಕೊನೆಗೆ ಅದೇ ನಾಲ್ಕೈದು ಬಟ್ಟೆಗಳನ್ನು ಮತ್ತೆ ಮತ್ತೆ ಹಾಕಿಕೊಳ್ಳುತ್ತೇನೆ. ನನ್ನದೇ ಅಂತ ಒಂದು ಸ್ಟೈಲ್ ಇಲ್ಲ ಅನಿಸುತ್ತದೆ. ಆನ್‌ಲೈನ್ ಕ್ವಿಜ್ ಒಂದರಲ್ಲಿ ನಾನು ‘ಕ್ಲಾಸಿಕ್’ ಅಂತ ಬಂತು, ಇನ್ನೊಂದರಲ್ಲಿ ‘ಬೊಹೀಮಿಯನ್’. ಸಹೋದ್ಯೋಗಿಯೊಬ್ಬಳ ಹಸಿರು ಜಾಕೆಟ್ ನೋಡಿ ಅಂಥದ್ದೇ ತಗೊಂಡೆ. ಅವಳ ಮೇಲೆ ಅಷ್ಟು ಚೆನ್ನಾಗಿತ್ತು. ನನಗೆ ಯಾಕೋ ಒಪ್ಪಲಿಲ್ಲ. ಎರಡು ವರ್ಷದಿಂದ ಹ್ಯಾಂಗರ್‌ನಲ್ಲೇ ಇದೆ. ಮಗು ಆದ ಮೇಲೆ ಮೈಯೂ ಬದಲಾಗಿದೆ. ಎಲ್ಲವನ್ನೂ ಯಾರಿಗಾದರೂ ಕೊಟ್ಟು ಹೊಸದಾಗಿ ಶುರು ಮಾಡಲಾ? ಬಟ್ಟೆಗೆ ಇಷ್ಟು ತಲೆ ಕೆಡಿಸಿಕೊಳ್ಳುವುದೇ ತಪ್ಪಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಖಂಡಿತ ತಪ್ಪಲ್ಲ. ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆ ನಿಮ್ಮ ಮೈಗೆ ತಾಗಿಕೊಂಡೇ ಇರುವ ವಸ್ತು ಅದು. ಅದು ಚುಚ್ಚಿದರೆ, ಎಳೆದರೆ, ಕೂತಾಗ ಎದ್ದಾಗ ಸರಿಮಾಡಿಕೊಳ್ಳುತ್ತಲೇ ಇರಬೇಕಾದರೆ, ಗಮನದ ಒಂದು ಪಾಲು ಇಡೀ ದಿನ ಅಲ್ಲೇ ಹೋಗುತ್ತದೆ. ಇದರ ಬಗ್ಗೆ ಒಮ್ಮೆ ಕೂತು ಸರಿಯಾಗಿ ಯೋಚಿಸಿದರೆ, ದಿನಾ ಬೆಳಿಗ್ಗೆ ಯೋಚಿಸುವ ಕಷ್ಟ ತಪ್ಪುತ್ತದೆ.

ಇನ್ನು ಎಲ್ಲವನ್ನೂ ಕೊಟ್ಟುಬಿಡುವ ಮಾತು. ದಯವಿಟ್ಟು ಬೇಡ. ಒಂದು ತಿಂಗಳು ಏನನ್ನೂ ಕೊಡಬೇಡಿ, ಏನನ್ನೂ ಕೊಳ್ಳಲೂಬೇಡಿ. ನಿಮ್ಮ ಪತ್ರದಲ್ಲಿ ನೀವು ಬೇಜಾರಿನಿಂದ ಬರೆದ ಒಂದು ಮಾತು ನನಗೆ ತುಂಬ ಬೆಲೆಯುಳ್ಳದ್ದಾಗಿ ಕಂಡಿತು: ‘ಅದೇ ನಾಲ್ಕೈದು ಬಟ್ಟೆ’. ಸ್ಟೈಲ್ ಇಲ್ಲದವರು ಬೀರು ತುಂಬ ಬಟ್ಟೆ ಇದ್ದಾಗ ಅದೇ ನಾಲ್ಕೈದನ್ನು ಯಾಕೆ ಎತ್ತಿಕೊಳ್ಳುತ್ತಾರೆ? ನಿಮ್ಮ ಕೈ ಆಗಲೇ ಆರಿಸುತ್ತಿದೆ. ಅದು ಯಾವ ಲೆಕ್ಕದ ಮೇಲೆ ಆರಿಸುತ್ತಿದೆ ಅಂತ ನಿಮಗೆ ಗೊತ್ತಿಲ್ಲ, ಅಷ್ಟೇ. ಆ ಲೆಕ್ಕವನ್ನು ಹೊರಗೆ ತೆಗೆಯುವುದೇ ನಮ್ಮ ಕೆಲಸ.

ಬಟ್ಟೆ ಹೊಲಿಯುವ, ಸರಿಪಡಿಸುವ ಕೆಲಸದಲ್ಲಿ ನಾನು 22 ವರ್ಷ ಕಳೆದಿದ್ದೇನೆ. ‘ನನಗೆ ಎಲಿಗೆಂಟ್ ಆಗಿರಬೇಕು’, ‘ಸ್ವಲ್ಪ ಮಾಡರ್ನ್ ಆಗಿರಲಿ’ ಅಂತ ಹೇಳುವವರು ಬಹಳ ಜನ ಬರುತ್ತಾರೆ. ಆ ಮಾತನ್ನು ಇಟ್ಟುಕೊಂಡು ಕತ್ತರಿ ಹಿಡಿಯಲು ಆಗುವುದಿಲ್ಲ. ಎಷ್ಟು ಉದ್ದ? ಕುತ್ತಿಗೆ ಎಷ್ಟು ಇಳಿಯಬೇಕು? ಬಟ್ಟೆ ನಿಲ್ಲಬೇಕಾ, ಜೋಲಬೇಕಾ? ಇದಕ್ಕೆ ಉತ್ತರ ಬಂದಾಗಲೇ ಬಟ್ಟೆ ಹುಟ್ಟುವುದು. ಕ್ವಿಜ್‌ಗಳ ತೊಂದರೆಯೂ ಇದೇ. ‘ಕ್ಲಾಸಿಕ್’ ಅನ್ನುವ ಹೆಸರು ಸಾವಿರ ಜನಕ್ಕೆ ಹೊಂದುತ್ತದೆ, ಆದರೆ ನಾಳೆ ಅಂಗಡಿಯಲ್ಲಿ ಎರಡು ಶರ್ಟ್ ಮುಂದಿಟ್ಟರೆ ಯಾವುದನ್ನು ಬಿಡಬೇಕು ಅಂತ ಅದು ಹೇಳುವುದಿಲ್ಲ. ಟೈಲರ್‌ಗೆ ಅರ್ಥವಾಗುವ ಮಾತಿನಲ್ಲಿ ನಿಮ್ಮ ಇಷ್ಟವನ್ನು ಹೇಳಲು ಬಂದ ದಿನ ನಿಮ್ಮ ಸ್ಟೈಲ್ ನಿಮಗೆ ಸಿಕ್ಕಿದೆ ಅಂತ ನಾನು ನಂಬುತ್ತೇನೆ. ನೀವು ಹೊಲಿಸುವುದೇ ಇಲ್ಲ, ರೆಡಿಮೇಡ್ ಮಾತ್ರ ಹಾಕುತ್ತೀರಿ ಅಂದರೂ ಈ ಮಾತು ನಿಜ.

ಹಾಗಾದರೆ ಶುರು ಎಲ್ಲಿಂದ? ಒಗೆಯುವ ಬುಟ್ಟಿಯಿಂದ. ಬೀರುವಿನಲ್ಲಿ ನೀವು ಆಗಬೇಕು ಅಂದುಕೊಂಡ ವ್ಯಕ್ತಿಯ ಬಟ್ಟೆ ಇರುತ್ತದೆ. ಬುಟ್ಟಿಯಲ್ಲಿ ನೀವು ಇರುವಂತೆ ಇರುವ ವ್ಯಕ್ತಿಯ ಬಟ್ಟೆ ಇರುತ್ತದೆ. ಎರಡು ಮೂರು ವಾರ ಒಂದು ಪುಟ್ಟ ಪುಸ್ತಕ ಇಟ್ಟುಕೊಳ್ಳಿ. ದಿನಾ ಸಂಜೆ, ಬಟ್ಟೆ ಬಿಚ್ಚುವ ಹೊತ್ತಿಗೆ, ಎರಡು ಸಾಲು ಬರೆಯಿರಿ. ಇವತ್ತು ಏನು ಹಾಕಿದ್ದೆ, ಅದು ನನ್ನನ್ನು ಎಲ್ಲಿ ಕಾಡಿತು, ಎಲ್ಲಿ ಮರೆತೇ ಹೋಯಿತು. ಸಂಜೆಯೇ ಬರೆಯಬೇಕು. ಬೆಳಿಗ್ಗೆ ಕನ್ನಡಿ ಮುಂದೆ ನಾವು ನಿಂತಿರುತ್ತೇವೆ, ಹೊಟ್ಟೆ ಒಳಗೆ ಎಳೆದುಕೊಂಡಿರುತ್ತೇವೆ. ಆಗ ಎಲ್ಲವೂ ಸರಿಯಾಗೇ ಕಾಣುತ್ತದೆ. ಬಟ್ಟೆಯ ನಿಜ ಗುಣ ಹತ್ತು ಗಂಟೆ ಕೂತು, ಬಗ್ಗಿ, ಮಗುವನ್ನು ಎತ್ತಿ ಇಳಿಸಿದ ಮೇಲೆ ತಿಳಿಯುತ್ತದೆ.

ಆಮೇಲೆ ಆ ನಾಲ್ಕೈದು ಬಟ್ಟೆಗಳನ್ನು ಹಾಸಿಗೆ ಮೇಲೆ ಸಾಲಾಗಿ ಹಾಸಿ. ‘ಈ ನೀಲಿ ಕುರ್ತಾ ನನಗಿಷ್ಟ’ ಅನ್ನುವಲ್ಲಿಗೆ ನಿಲ್ಲಬೇಡಿ. ಯಾಕೆ ಅಂತ ಕೆದಕಿ. ಕುತ್ತಿಗೆ ಎಷ್ಟು ತೆರೆದಿದೆ, ತೋಳು ಎಲ್ಲಿ ಮುಗಿಯುತ್ತದೆ, ಜೇಬು ಇದೆಯಾ, ಬಟ್ಟೆ ಮೆತ್ತಗಿದೆಯಾ ಗಟ್ಟಿಯಾ. ಒಂದು ಇಂಚು ಟೇಪ್ ತಂದು ಅಳೆದೇಬಿಡಿ. ಎದೆ ಸುತ್ತಳತೆ, ಉದ್ದ, ಒಂದು ಭುಜದ ತುದಿಯಿಂದ ಇನ್ನೊಂದರ ತುದಿ, ತೋಳಿನ ಉದ್ದ. ನಾಲ್ಕೂ ಬಟ್ಟೆಗಳ ಅಂಕಿಗಳು ಎಷ್ಟು ಹತ್ತಿರ ಹತ್ತಿರ ಇರುತ್ತವೆ ಅಂತ ನೋಡಿದರೆ ಆಶ್ಚರ್ಯವಾಗಬಹುದು.

ಒಮ್ಮೆ ಒಬ್ಬರು ನನ್ನ ಬಳಿ ಬಂದು, ‘ನನಗೆ ಕೆಂಪು ಬಣ್ಣವೇ ಸರಿಹೊಂದುವುದು’ ಅಂದರು. ಅವರು ಪ್ರೀತಿಯಿಂದ ಹಾಕುತ್ತಿದ್ದ ಮೂರೂ ಟಾಪ್ ಕೆಂಪು. ಅದಾದ ಮೇಲೆ ತಗೊಂಡ ಇನ್ನೂ ಐದು ಕೆಂಪು ಬಟ್ಟೆಗಳು ಮಾತ್ರ ಹಾಗೇ ಬಿದ್ದಿದ್ದವು. ಎಂಟನ್ನೂ ತರಿಸಿ ನೋಡಿದೆ. ಇಷ್ಟದ ಮೂರಕ್ಕೂ ತೋಳು ಮೊಣಕೈಗಿಂತ ಎರಡು ಇಂಚು ಕೆಳಗೆ ಮುಗಿಯುತ್ತಿತ್ತು, ಬಟ್ಟೆ ಸ್ವಲ್ಪ ಗರಿಗರಿ. ಉಳಿದ ಐದೂ ಜೋಲು ಬಟ್ಟೆ, ಮಣಿಕಟ್ಟಿನವರೆಗೆ ತೋಳು. ಅವರ ಕೆಲಸದಲ್ಲಿ ದಿನಕ್ಕೆ ಹತ್ತಾರು ಸಲ ಕೈ ತೊಳೆಯಬೇಕು. ಉದ್ದ ತೋಳು ಅವರನ್ನು ದಿನವಿಡೀ ಕಾಡುತ್ತಿತ್ತು. ಬಣ್ಣಕ್ಕೂ ಅದಕ್ಕೂ ಏನೂ ಸಂಬಂಧ ಇರಲಿಲ್ಲ. ಆ ಐದರಲ್ಲಿ ಮೂರರ ತೋಳು ಕತ್ತರಿಸಿ ಹೊಲಿದುಕೊಟ್ಟೆ. ಈಗ ಅವನ್ನೂ ಹಾಕುತ್ತಾರೆ.

ಹೀಗೆ ಕೆದಕುತ್ತಾ ಹೋದರೆ ನಿಮಗೆ ಕೆಲವು ಪದಗಳು ಸಿಗುತ್ತವೆ. ಕೈಯಿಂದ ಮುಟ್ಟಿ ಹೇಳಬಹುದಾದ ಪದಗಳನ್ನೇ ಇಟ್ಟುಕೊಳ್ಳಿ. ನಮ್ಮ ಮಾತಿನಲ್ಲಿ ಇಂಥವು ಎಷ್ಟೊಂದಿವೆ ನೋಡಿ: ಗರಿಗರಿ, ಜೋಲು, ನುಣುಪು, ಒರಟು, ಬಿಗಿ, ಸಡಿಲ, ದಪ್ಪ, ತೆಳು, ಗಾಢ, ಮಾಸಲು, ಹೊಳಪು, ಸಾದಾ, ಒತ್ತು ನೆರಿಗೆ. ಮೂರು ಸಾಕು. ‘ಸಾದಾ, ಗರಿಗರಿ, ಗಾಢ’ ಅಂತ ಒಬ್ಬರಿಗೆ ಬಂದರೆ, ‘ಸಡಿಲ, ಒರಟು, ಮಣ್ಣಿನ ಬಣ್ಣ’ ಅಂತ ಇನ್ನೊಬ್ಬರಿಗೆ. ಈ ಮೂರು ಪದಗಳನ್ನು ಅಂಗಡಿಗೆ ತೆಗೆದುಕೊಂಡು ಹೋಗಬಹುದು. ಕಣ್ಣಿಗೆ ಚೆಂದ ಕಂಡದ್ದು ಮೂರರಲ್ಲಿ ಎರಡಕ್ಕಾದರೂ ಒಪ್ಪದಿದ್ದರೆ, ಅದು ಚೆಂದದ ಬಟ್ಟೆಯೇ, ಆದರೆ ಬೇರೆಯವರದ್ದು.

ಫೋನಿನಲ್ಲಿ ಇಷ್ಟಪಟ್ಟು ಉಳಿಸಿಟ್ಟುಕೊಂಡ ಚಿತ್ರಗಳು ನಿಮ್ಮ ಬಳಿ ಇರಬಹುದು. ಅವೂ ಕೆಲಸಕ್ಕೆ ಬರುತ್ತವೆ, ಆದರೆ ಹುಷಾರಾಗಿ ಬಳಸಬೇಕು. ಬೆರಳಿನಿಂದ ಮುಖ ಮುಚ್ಚಿ ನೋಡಿ. ಆಗಲೂ ಬಟ್ಟೆ ಇಷ್ಟವಾಗುತ್ತದಾ? ಬಹಳ ಸಲ ನಮಗೆ ಇಷ್ಟವಾಗಿರುವುದು ಆ ವ್ಯಕ್ತಿಯ ನಿಲುವು, ಅಲ್ಲಿನ ಬೆಳಕು, ಅವರ ನಗು. ಅದನ್ನು ಅಂಗಡಿಯಲ್ಲಿ ಕೊಳ್ಳಲು ಆಗುವುದಿಲ್ಲ.

ಈಗ ನನ್ನ ಮನಸ್ಸಿಗೆ ತೀರ ಹತ್ತಿರದ ವಿಷಯಕ್ಕೆ ಬರುತ್ತೇನೆ: ಫಿಟ್ಟಿಂಗ್. ಬಣ್ಣ, ಡಿಸೈನ್, ಬ್ರ್ಯಾಂಡ್ ಎಲ್ಲಕ್ಕಿಂತ ಇದು ದೊಡ್ಡದು. ಸಾಧಾರಣ ಬಟ್ಟೆ ಸರಿಯಾಗಿ ಕೂತರೆ ಚೆನ್ನಾಗಿ ಕಾಣುತ್ತದೆ. ಎಷ್ಟೇ ಒಳ್ಳೆಯ ಬಟ್ಟೆ ಸರಿಯಾಗಿ ಕೂರದಿದ್ದರೆ ಕಡ ತಂದ ಹಾಗೆ ಕಾಣುತ್ತದೆ.

ಮೊದಲು ಭುಜ ನೋಡಿ. ತೋಳು ಬಂದು ಸೇರುವ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವ ಜಾಗದಲ್ಲಿ ಇರಬೇಕು. ಬೇಕಂತಲೇ ಇಳಿಭುಜ ಇಟ್ಟು ಹೊಲಿದ ಬಟ್ಟೆಯ ಮಾತು ಬೇರೆ. ಭುಜಕ್ಕೆ ಯಾಕೆ ಇಷ್ಟು ಮಹತ್ವ ಅಂದರೆ, ಇಡೀ ಬಟ್ಟೆ ಅಲ್ಲಿಂದ ನೇತಾಡುತ್ತದೆ. ಅದನ್ನು ಸರಿಮಾಡಬೇಕಾದರೆ ತೋಳು ಬಿಚ್ಚಿ ಮತ್ತೆ ಕೂರಿಸಬೇಕು. ಜಾಕೆಟ್‌ನಲ್ಲಂತೂ ಒಳಗಿನ ಪ್ಯಾಡ್, ಲೈನಿಂಗ್ ಎಲ್ಲ ಬಿಚ್ಚುವ ಕೆಲಸ. ಕೈಗೂಡಿದರೂ ಖರ್ಚು ಜಾಸ್ತಿ. ಸೊಂಟ ಕಿರಿದು ಮಾಡುವುದು, ಪ್ಯಾಂಟ್ ಉದ್ದ ಕಡಿಮೆ ಮಾಡುವುದು, ತೋಳು ಗಿಡ್ಡ ಮಾಡುವುದು ಸುಲಭ. ಅಗಲ ಮಾಡುವುದು ಒಳಗೆ ಬಿಟ್ಟಿರುವ ಮಾರ್ಜಿನ್ ಮೇಲೆ ನಿಂತಿದೆ. ರೆಡಿಮೇಡ್‌ನಲ್ಲಿ ಅದು ಕಡಿಮೆ ಇರುತ್ತದೆ, ಕೊಳ್ಳುವ ಮೊದಲು ಒಳಮಗ್ಗುಲು ತಿರುಗಿಸಿ ನೋಡಿಕೊಳ್ಳಿ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ: ಭುಜಕ್ಕೆ ಸರಿಯಾಗುವುದನ್ನು ತಗೊಳ್ಳಿ, ಉಳಿದದ್ದನ್ನು ಆಲ್ಟರ್ ಮಾಡಿಸಿ.

ಆಮೇಲೆ ಕಂಕುಳು. ಕೈ ಮೇಲೆತ್ತಿದಾಗ ಇಡೀ ಶರ್ಟ್ ಮೇಲೆ ಬರುತ್ತದೆ ಅಲ್ವಾ? ಕಂಕುಳು ಬಿಗಿಯಾಗಿದೆ, ಇನ್ನೂ ದೊಡ್ಡ ಸೈಜ್ ಬೇಕು ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಕಾರಣ ಉಲ್ಟಾ. ತೋಳಿನ ಕೊರೆತ, ಅಂದರೆ ತೋಳು ಕೂರಿಸಲು ಕತ್ತರಿಸಿದ ಜಾಗ, ತುಂಬ ಕೆಳಗಿಳಿದಿರುತ್ತದೆ. ಕೊರೆತ ಕಂಕುಳಿಗೆ ಹತ್ತಿರ ಇದ್ದಷ್ಟೂ ಕೈ ಬಟ್ಟೆಯನ್ನು ಎಳೆಯದೆ ಆಡುತ್ತದೆ. ದೊಡ್ಡ ಸೈಜ್ ತಗೊಂಡರೆ ಕೊರೆತ ಇನ್ನೂ ಕೆಳಗೆ ಹೋಗಿ ತೊಂದರೆ ಹೆಚ್ಚುತ್ತದೆ.

ಸುಕ್ಕುಗಳನ್ನು ಓದಲು ಕಲಿಯಿರಿ. ಸುಮ್ನೆ ನಿಂತಾಗ ಅಡ್ಡ ಸುಕ್ಕು ಬಿದ್ದರೆ ಆ ಜಾಗದಲ್ಲಿ ಬಟ್ಟೆ ಸಾಲುತ್ತಿಲ್ಲ. ಉದ್ದುದ್ದ ಮಡಿಕೆ ಬಿದ್ದರೆ ಜಾಸ್ತಿಯಾಗಿದೆ. ಓರೆಯಾಗಿ ಎಳೆದ ಗೆರೆ ಬಂದರೆ ಅದರ ತುದಿ ಎಲ್ಲಿಗೆ ತೋರಿಸುತ್ತದೋ ತೊಂದರೆ ಅಲ್ಲಿದೆ. ಟ್ರಯಲ್ ರೂಮಿನಲ್ಲಿ ನಿಂತು ನೋಡಿದರೆ ಸಾಲದು. ಕೂತು ನೋಡಿ, ಎರಡೂ ಕೈಗಳನ್ನು ಮುಂದೆ ತಂದು ಅಪ್ಪಿಕೊಂಡಂತೆ ಮಾಡಿ ನೋಡಿ.

ಮೈ ಬದಲಾಗಿದೆ ಅಂತ ಬರೆದಿದ್ದೀರಿ. ಅಲ್ಲಿ ಒಂದು ನೋವಿನ ದನಿ ಕೇಳಿಸಿತು. ಲೇಬಲ್ ಮೇಲಿನ ಸೈಜ್ ನಂಬರ್ ನೋಡಿ ದಯವಿಟ್ಟು ಬೇಸರಪಡಬೇಡಿ. ಆ ನಂಬರಿನ ಹಿಂದಿನ ಕಥೆ ಕೇಳಿ. ಅಮೆರಿಕದಲ್ಲಿ 1939-40ರಲ್ಲಿ ಸರ್ಕಾರವೇ ಸುಮಾರು 15,000 ಹೆಂಗಸರ ಅಳತೆ ತೆಗೆಸಿತು. ಒಬ್ಬೊಬ್ಬರಿಂದ 59 ಅಳತೆ. ಅದರ ಆಧಾರದ ಮೇಲೆ 1958ರಲ್ಲಿ ಒಂದು ಸೈಜ್ ಪಟ್ಟಿ ಹೊರಬಂತು. ಕಂಪನಿಗಳು ಅದನ್ನು ಬಿಟ್ಟು ತಮ್ಮ ತಮ್ಮ ಲೆಕ್ಕ ಹಿಡಿದವು. 1983ರಲ್ಲಿ ಆ ಪಟ್ಟಿಯನ್ನೇ ವಾಪಸ್ ತೆಗೆದುಕೊಂಡರು. 59 ಅಳತೆ ತೆಗೆದರೂ ಹೆಂಗಸರ ಮೈಯನ್ನು ಒಂದು ಪಟ್ಟಿಯಲ್ಲಿ ಹಿಡಿದಿಡಲು ಆಗಲಿಲ್ಲ. ಇವತ್ತು ಒಂದು ಬ್ರ್ಯಾಂಡಿನ ಮೀಡಿಯಮ್ ಇನ್ನೊಂದರ ಲಾರ್ಜ್ ಆಗಿರುತ್ತದೆ. ನಿಮ್ಮ ಇಂಚಿನ ಅಳತೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ, ಅದೊಂದೇ ನಂಬುವಂಥದ್ದು.

ಹಳೆಯ ಅಳತೆಯ ಬಟ್ಟೆಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಕಣ್ಣಿಗೆ ಕಾಣದ ಕಡೆ ಇಡಿ. ಕೊಡುವ ನಿರ್ಧಾರ ಆಮೇಲೆ ಮಾಡಿದರಾಯಿತು. ದಿನಾ ಬೆಳಿಗ್ಗೆ ಬೀರು ತೆಗೆದ ಕೂಡಲೇ ಈಗಿನ ಮೈಗೆ ಆಗದ ಬಟ್ಟೆ ಕಣ್ಣಿಗೆ ಬೀಳುವುದು ಒಳ್ಳೆಯದಲ್ಲ. ಈಗ ಇರುವ ಮೈಗೆ ಸರಿಯಾಗುವ ಎರಡು ಪ್ಯಾಂಟ್, ಮೂರು ಟಾಪ್ ಇದ್ದರೂ ಸಾಕು, ಮನಸ್ಸು ಹಗುರವಾಗುತ್ತದೆ.

ಬಣ್ಣದ ಬಗ್ಗೆ ಜನರಲ್ಲಿ ಭಯವೇ ಜಾಸ್ತಿ. ನೀವು ‘ಸ್ಪ್ರಿಂಗ್’, ನೀವು ‘ವಿಂಟರ್’ ಅಂತ ಋತುಗಳಾಗಿ ಜನರನ್ನು ಹಂಚುವ ಚಾರ್ಟ್‌ಗಳಿವೆ. ನಾನು ಅವನ್ನು ಬಳಸುವುದಿಲ್ಲ. ಬಣ್ಣ ಒಂಟಿಯಾಗಿ ಕೆಲಸ ಮಾಡುವುದಿಲ್ಲ, ಪಕ್ಕದಲ್ಲಿ ಏನಿದೆ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡವರು ಫ್ರಾನ್ಸಿನ ಮಿಶೆಲ್ ಯೂಜೀನ್ ಶೆವ್ರೆಲ್. ಪ್ಯಾರಿಸ್ಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಮಂಕಾಗಿದೆ ಅಂತ ಅವರಿಗೆ ದೂರು ಬಂತು. ಪರೀಕ್ಷೆ ಮಾಡಿ ನೋಡಿದರೆ ಬಣ್ಣದಲ್ಲಿ ದೋಷವೇ ಇರಲಿಲ್ಲ. ಪಕ್ಕದಲ್ಲಿ ನೀಲಿ, ನೇರಳೆ ನೂಲು ಇದ್ದದ್ದರಿಂದ ಕಪ್ಪು ಹಾಗೆ ಕಾಣುತ್ತಿತ್ತು. 1839ರಲ್ಲಿ ಅವರು ಇದನ್ನೆಲ್ಲ ವಿವರವಾಗಿ ಪ್ರಕಟಿಸಿದರು. ಪಕ್ಕ ಪಕ್ಕ ಇಟ್ಟ ಎರಡು ಬಣ್ಣಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಸಿರಿನ ಪಕ್ಕ ಇಟ್ಟದ್ದರಲ್ಲಿ ಕೆಂಪು ಸ್ವಲ್ಪ ಜಾಸ್ತಿ ಕಾಣುತ್ತದೆ. ಗಾಢ ಬಣ್ಣದ ಪಕ್ಕ ಇಟ್ಟದ್ದು ಇನ್ನಷ್ಟು ತಿಳಿಯಾಗಿ ಕಾಣುತ್ತದೆ.

ನಿಮ್ಮ ಮುಖವೂ ಒಂದು ಬಣ್ಣವೇ. ಕುತ್ತಿಗೆ ಹತ್ತಿರ ಇರುವ ಬಟ್ಟೆ ಅದನ್ನು ಬದಲಾಯಿಸುತ್ತದೆ, ಮಂಡಿ ಹತ್ತಿರ ಇರುವುದು ಅಷ್ಟಾಗಿ ಏನೂ ಮಾಡುವುದಿಲ್ಲ. ಇದನ್ನು ನೀವೇ ಪರೀಕ್ಷೆ ಮಾಡಬಹುದು. ಹಗಲು ಹೊತ್ತು ಕಿಟಕಿಗೆ ಮುಖ ಮಾಡಿ, ಕೈಯಲ್ಲಿ ಕನ್ನಡಿ ಹಿಡಿದು, ಒಂದೊಂದೇ ಬಟ್ಟೆಯನ್ನು ಗಲ್ಲದ ಕೆಳಗೆ ಹಿಡಿಯಿರಿ. ಬಟ್ಟೆಯನ್ನು ನೋಡಬೇಡಿ, ಕಣ್ಣಿನ ಕೆಳಗಿನ ಜಾಗ ನೋಡಿ. ಅಲ್ಲಿ ನೆರಳು ಗಾಢವಾಯಿತಾ, ತಿಳಿಯಾಯಿತಾ? ಅಷ್ಟೇ ಪರೀಕ್ಷೆ. ಅಂಗಡಿಯ ಲೈಟಿನಲ್ಲಿ ಇದನ್ನು ಮಾಡಿದರೆ ಮೋಸ ಹೋಗುತ್ತೀರಿ, ಆ ಬೆಳಕಿನಲ್ಲಿ ಬಣ್ಣ ಬೇರೆಯೇ ಆಗಿ ಕಾಣಬಹುದು. ಹೊಂದದ ಬಣ್ಣ ನಿಮಗೆ ತುಂಬ ಇಷ್ಟ ಅನ್ನಿ. ಬಿಡಬೇಕಿಲ್ಲ. ಸೊಂಟದಿಂದ ಕೆಳಗೆ ಹಾಕಿ, ಅಥವಾ ಅದಕ್ಕೂ ಮುಖಕ್ಕೂ ನಡುವೆ ಹೊಂದುವ ಬಣ್ಣದ ಕಾಲರ್ ಬರುವಂತೆ ಮಾಡಿ.

ಅಡ್ಡ ಗೆರೆ ಹಾಕಿದರೆ ದಪ್ಪ ಕಾಣುತ್ತೇವೆ ಅನ್ನುವ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದಕ್ಕೆ ಹೆದರಿ ಇಷ್ಟದ ಬಟ್ಟೆ ಬಿಟ್ಟವರನ್ನು ತುಂಬ ನೋಡಿದ್ದೇನೆ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಇದಕ್ಕೆ ಉಲ್ಟಾ ಬರೆದಿದ್ದರು. ಒಂದೇ ಅಳತೆಯ ಎರಡು ಚೌಕಗಳಲ್ಲಿ ಒಂದಕ್ಕೆ ಅಡ್ಡ ಗೆರೆ, ಇನ್ನೊಂದಕ್ಕೆ ಉದ್ದ ಗೆರೆ ಎಳೆದರೆ, ಅಡ್ಡ ಗೆರೆಯ ಚೌಕವೇ ಎತ್ತರವಾಗಿ, ಕಿರಿದಾಗಿ ಕಾಣುತ್ತದೆ. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಬಟ್ಟೆ ತೊಟ್ಟ ಆಕೃತಿಗಳ ಮೇಲೆ ಪರೀಕ್ಷಿಸಿ, ಅಡ್ಡ ಗೆರೆಯಿಂದ ದಪ್ಪ ಕಾಣುವುದಿಲ್ಲ ಅಂತ 2011ರಲ್ಲಿ ಬರೆದರು. ಇಷ್ಟವಿದ್ದರೆ ಹಾಕಿಕೊಳ್ಳಿ.

ಬಟ್ಟೆಯ ಗುಣದ ಬಗ್ಗೆ ಬರೆದರೆ ಮುಗಿಯುವುದಿಲ್ಲ, ಎರಡು ವಿಷಯ ಮಾತ್ರ ಹೇಳುತ್ತೇನೆ. ಒಂದೇ ಕಟಿಂಗ್ ಬೇರೆ ಬಟ್ಟೆಯಲ್ಲಿ ಬೇರೆ ಉಡುಪೇ ಆಗುತ್ತದೆ. ಶರ್ಟ್ ಬಟ್ಟೆ ಚದರ ಮೀಟರಿಗೆ ಹೆಚ್ಚಾಗಿ 100ರಿಂದ 150 ಗ್ರಾಂ ತೂಗುತ್ತದೆ, ಜೀನ್ಸ್ ಬಟ್ಟೆ 300 ದಾಟುತ್ತದೆ. ಆನ್‌ಲೈನ್‌ನಲ್ಲಿ ಜಿಎಸ್‌ಎಂ ಅಂತ ಕೊಟ್ಟಿರುವುದು ಇದನ್ನೇ. ನಿಮ್ಮ ಇಷ್ಟದ ಬಟ್ಟೆ ನಿಲ್ಲುವಂಥದ್ದಾದರೆ ಈ ಅಂಕಿ ನೋಡದೆ ಕೊಳ್ಳಬೇಡಿ. ಇನ್ನೊಂದು, ಬೆವರು. ಹತ್ತಿ ಮಾಮೂಲಿ ಗಾಳಿಯಲ್ಲಿ ತನ್ನ ತೂಕದ ಸುಮಾರು 8% ತೇವ ಹಿಡಿದಿಟ್ಟುಕೊಳ್ಳುತ್ತದೆ, ಪಾಲಿಯೆಸ್ಟರ್ 0.4% ಮಾತ್ರ. ಸಂಜೆಯ ಪುಸ್ತಕದಲ್ಲಿ ‘ಅಂಟಂಟು’ ಅನ್ನುವ ಪದ ಪದೇ ಪದೇ ಬಂದರೆ, ಒಳಗಿನ ಲೇಬಲ್ ತಿರುಗಿಸಿ ನೋಡಿ.

ಇಷ್ಟು ತಿಳಿದ ಮೇಲೆ ತಿದ್ದುವ ಕೆಲಸ. ಇದನ್ನು ನಿಧಾನವಾಗಿ ಮಾಡಿ. ಒಮ್ಮೆಗೆ ಒಂದೇ ಬದಲಾವಣೆ. ನಿಮ್ಮ ಮೆಚ್ಚಿನ ಕುರ್ತಾದ್ದೇ ಅಳತೆ, ಅದೇ ಬಟ್ಟೆ, ಬಣ್ಣ ಮಾತ್ರ ಬೇರೆ. ಅದು ಒಗ್ಗಿದರೆ ಮುಂದಿನ ಸಲ ಅದೇ ಬಣ್ಣ, ಕಾಲರ್ ಮಾತ್ರ ಬೇರೆ. ಹೀಗೆ ಹೋದರೆ ಏನು ಕೆಲಸ ಮಾಡಿತು, ಏನು ಕೈಕೊಟ್ಟಿತು ಅಂತ ಗೊತ್ತಾಗುತ್ತದೆ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ಸೋತಾಗ ಯಾಕೆ ಸೋತೆವು ಅಂತಲೇ ತಿಳಿಯುವುದಿಲ್ಲ. ಹೊಸದನ್ನು ಕೊಳ್ಳುವ ಮುಂಚೆ, ಮನೆಯಲ್ಲಿ ಈಗಾಗಲೇ ಇರುವ ಯಾವ ಮೂರು ಬಟ್ಟೆಗಳ ಜೊತೆ ಇದನ್ನು ಹಾಕುತ್ತೇನೆ ಅಂತ ಹೆಸರು ಹಿಡಿದು ಹೇಳಿ. ಹೇಳಲು ಆಗದಿದ್ದರೆ ಅದರ ಜೊತೆಗೆ ಇನ್ನೂ ಎರಡು ಕೊಳ್ಳಬೇಕಾಗುತ್ತದೆ. ಒಟ್ಟು ಎಷ್ಟು ಬಟ್ಟೆ ಇರಬೇಕು ಅನ್ನುವ ಲೆಕ್ಕಕ್ಕೆ ಬೀಳಬೇಡಿ. 30 ಅಂತ ಹೇಳುವವರಿದ್ದಾರೆ, 37 ಅನ್ನುವವರಿದ್ದಾರೆ. ನಿಮ್ಮ ವಾರ ಹೇಗಿದೆ, ಎಷ್ಟು ದಿನಕ್ಕೊಮ್ಮೆ ಒಗೆಯುತ್ತೀರಿ ಅನ್ನುವುದು ಆ ಅಂಕಿಯನ್ನು ಹೇಳುತ್ತದೆ.

ಇನ್ನು ಆ ಹಸಿರು ಜಾಕೆಟ್. ನಾಳೆ ಹಗಲಿನಲ್ಲಿ ಅದನ್ನು ಹಾಕಿಕೊಂಡು ಕಿಟಕಿ ಹತ್ತಿರ ನಿಲ್ಲಿ. ಮೊದಲು ಭುಜದ ಹೊಲಿಗೆ ಮುಟ್ಟಿ ನೋಡಿ. ಮೂಳೆಯ ತುದಿಯಲ್ಲೇ ಇದ್ದರೆ ಜಾಕೆಟ್ ಉಳಿಸಿಕೊಳ್ಳಬಹುದು. ಹಸಿರು ಮುಖವನ್ನು ಕೆಡಿಸುತ್ತಿದ್ದರೆ ಒಳಗೆ ನಿಮಗೆ ಹೊಂದುವ ಬಣ್ಣದ, ಕಾಲರ್ ಇರುವ ಶರ್ಟ್ ಹಾಕಿ. ನಿಮ್ಮ ಸಹೋದ್ಯೋಗಿ ಅದರೊಳಗೆ ಏನು ಹಾಕಿದ್ದಳು ಅಂತ ನೆನಪು ಮಾಡಿಕೊಳ್ಳಿ, ಗುಟ್ಟು ಅಲ್ಲೇ ಇದ್ದರೂ ಇರಬಹುದು. ಸೊಂಟ ಸಡಿಲ ಅನಿಸಿದರೆ, ತೋಳು ಉದ್ದ ಅನಿಸಿದರೆ ಟೈಲರ್ ಹತ್ತಿರ ತಗೊಂಡು ಹೋಗಿ. ಜೊತೆಗೆ ನಿಮ್ಮ ಅಳತೆ ಬರೆದ ಚೀಟಿಯನ್ನೂ, ಮೆಚ್ಚಿನ ಕುರ್ತಾವನ್ನೂ ಒಯ್ಯಿರಿ. ‘ತೋಳು ಇದರಷ್ಟೇ ಇರಲಿ’ ಅಂತ ತೋರಿಸಿ.

ಭುಜದ ಹೊಲಿಗೆ ಮೂಳೆ ದಾಟಿ ಒಂದು ಇಂಚು ಕೆಳಗಿಳಿದಿದ್ದರೆ ಮಾತ್ರ ಅದು ನಿಮ್ಮದಲ್ಲ. ಅದಕ್ಕೆ ಸರಿಯಾದ ಭುಜ ಇರುವವರು ನಿಮಗೆ ಗೊತ್ತಿರುವವರಲ್ಲೇ ಯಾರಾದರೂ ಇದ್ದಾರಾ ನೋಡಿ, ಆ ಒಂದು ತಿಂಗಳು ಕಳೆದ ಮೇಲೆ ಅವರಿಗೆ ಕೊಡಿ.